ಹಳೆಯ ಫ್ರೆಂಚ್ ಕುರ್ಚಿಗಳ ಸೀಟಿನ ಮೇಲೆ ನರಿ, ಕೊಕ್ಕರೆಯ ಚಿತ್ರ ಯಾಕೆ ಇರುತ್ತದೆ?

ಅವು ಫ್ರೆಂಚ್ ಕವಿ ಲಾ ಫಾಂಟೇನ್ ಹೇಳಿದ ನೀತಿಕಥೆಗಳ ಪಾತ್ರಗಳು. ಫ್ರಾನ್ಸಿನ ಬೋವೆ ಊರಲ್ಲಿ 1664ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಗೆ 1734ರಲ್ಲಿ ಚಿತ್ರಕಾರ ಊದ್ರಿ ಮುಖ್ಯಸ್ಥನಾದ. ಪ್ರಾಣಿಗಳನ್ನು ಬರೆಯುವುದರಲ್ಲಿ ಅವನದು ಎತ್ತಿದ ಕೈ. ಅವನ ಚಿತ್ರ ನೋಡಿಕೊಂಡು ನೇಕಾರರು ಕುರ್ಚಿಯ ಅಳತೆಗೇ ಬಟ್ಟೆ ನೇಯುತ್ತಿದ್ದರು. ಜಾಸ್ತಿ ಕಡೆ ಕೂರುವ ಜಾಗಕ್ಕೆ ಪ್ರಾಣಿಗಳು, ಬೆನ್ನಿಗೆ ಮನುಷ್ಯರು. ಸುತ್ತ ಕೆತ್ತನೆಯ ಬೀಚ್ ಮರ, ಕೆಲವಕ್ಕೆ ಚಿನ್ನದ ಲೇಪ.

ನೋಡಲು ಕಸೂತಿಯ ಹಾಗಿದೆ ಅಲ್ವಾ? ಆದರೆ ಇದು ಕಸೂತಿ ಅಲ್ಲ. ಬಣ್ಣದ ಉಣ್ಣೆ, ರೇಷ್ಮೆಯ ಹೊಕ್ಕುನೂಲಿನಿಂದಲೇ (ನೇಯುವಾಗ ಅಡ್ಡಕ್ಕೆ ಹಾಯಿಸುವ ಎಳೆ) ಚಿತ್ರ ಮೂಡಿಸಿರುತ್ತಾರೆ. ಹತ್ತಿರದಿಂದ ನೋಡಿ: ಎರಡು ಬಣ್ಣ ಸೇರುವಲ್ಲಿ ಕೂದಲೆಳೆಯಂಥ ಸೀಳು ಕಾಣಬಹುದು. ನಿಮ್ಮ ಹತ್ತಿರ ಇಂಥ ಕುರ್ಚಿ ಇದ್ದರೆ ದಯವಿಟ್ಟು ಬಿಸಿಲಿಗೆ ಇಡಬೇಡಿ. ಉಣ್ಣೆಯ ಬಣ್ಣ ಮಾಸುತ್ತದೆ, ರೇಷ್ಮೆ ಎಳೆ ಪುಡಿಯಾಗಿ ಉದುರುತ್ತದೆ.