ಡೋನಾ ಮತ್ತು ಕ್ಲಾರಾ: ಬರೀ ಹೋಲಿಕೆಯಲ್ಲ, ಉತ್ತರ

'ಡಾಕ್ಟರ್ ಹೂ' ಎಂಬ ಬ್ರಿಟಿಷ್ ಟಿವಿ ಸರಣಿಯಲ್ಲಿ, ಕಾಲದಲ್ಲಿ ಪಯಣಿಸುವ ನಾಯಕ ಡಾಕ್ಟರ್‌ನ ಜೊತೆಗಾತಿಯರಾದ ಡೋನಾ, ಕ್ಲಾರಾ ಇಬ್ಬರ ಕಥೆಯ ಕೊನೆಯೂ ನೆನಪು ಅಳಿಸುವುದರ ಸುತ್ತಲೇ ಇದೆಯಲ್ಲ, ಇದು ಕಾಕತಾಳೀಯವಾ ಎಂದು ಕೇಳಿದ್ದೀರಿ. ನನಗಂತೂ ಹಾಗೆ ಅನ್ನಿಸುವುದಿಲ್ಲ. 2015ರ ಕ್ಲಾರಾ ಕಥೆ 2008ರ ಡೋನಾ ಕಥೆಗೆ ಕೊಟ್ಟ ಉತ್ತರದ ಹಾಗಿದೆ.

ಡೋನಾಳ ತಲೆಯೊಳಗೆ ಟೈಮ್ ಲಾರ್ಡ್ (ಡಾಕ್ಟರ್ ಸೇರಿದ ಅನ್ಯಗ್ರಹ ಜನಾಂಗ) ಬುದ್ಧಿ ಸೇರಿಕೊಂಡಿರುತ್ತದೆ, ಹಾಗೇ ಬಿಟ್ಟರೆ ಸಾಯುತ್ತಾಳೆ. ಸರಿ, ಕಾರಣ ಇದೆ. ಆದರೆ ಅವಳು ಬೇಡ ಬೇಡ ಎಂದು ಅಳುತ್ತಿದ್ದರೂ ಡಾಕ್ಟರ್ ಅವಳ ತಲೆಗೆ ಕೈಯಿಟ್ಟು ಎಲ್ಲ ಅಳಿಸಿಬಿಡುತ್ತಾನೆ. ಆಮೇಲೆ ಅವನು ಹೊರಡುವಾಗ ಅವಳು ಫೋನಿನಲ್ಲಿ ಗೆಳತಿ ಜೊತೆ ಹರಟೆ ಹೊಡೆಯುತ್ತಾ ನಿಂತಿರುತ್ತಾಳೆ, ಇವನ ಕಡೆ ಸರಿಯಾಗಿ ತಿರುಗಿಯೂ ನೋಡುವುದಿಲ್ಲ. ನನಗೆ ಈಗಲೂ ಹೊಟ್ಟೆ ಹಿಂಡುವ ದೃಶ್ಯ ಅದು.

ಕ್ಲಾರಾಗೂ ಅದನ್ನೇ ಮಾಡಲು ಹೊರಡುತ್ತಾನೆ, ಅವಳನ್ನು ಉಳಿಸಬೇಕು ಅನ್ನುವ ಅದೇ ನೆಪದಲ್ಲಿ. ಅವಳು ಒಪ್ಪುವುದಿಲ್ಲ, ನನ್ನ ನೆನಪು ನನ್ನದು ಅನ್ನುತ್ತಾಳೆ. ನೆನಪು ಅಳಿಸುವ ಯಂತ್ರ ಅವನ ಮೇಲೇ ಕೆಲಸ ಮಾಡುವ ಹಾಗೆ ಅದನ್ನೇ ತಿರುಗಿಸಿಟ್ಟಿರುತ್ತಾಳೆ ಬೇರೆ! ಕೊನೆಗೆ ಇಬ್ಬರೂ ಸೇರಿ ಅದರ ಗುಂಡಿ ಒತ್ತುತ್ತಾರೆ, ಮರೆಯುವವನು ಡಾಕ್ಟರ್. ಡೈನರ್‌ನಲ್ಲಿ ಪರಿಚಾರಿಕೆಯಾಗಿ ಎದುರಿಗೇ ನಿಂತವಳು ಯಾರೆಂದು ಗೊತ್ತಾಗದೆ ಅವಳಿಗೇ ಅವಳ ಕಥೆ ಹೇಳುತ್ತಾ ಗಿಟಾರ್ ನುಡಿಸುತ್ತಾನೆ. ಫೋನ್ ಹಿಡಿದ ಡೋನಾಳ ದೃಶ್ಯವನ್ನೇ ಉಲ್ಟಾ ಮಾಡಿದ ಹಾಗಿಲ್ವಾ?

ಅಂದಹಾಗೆ 2023ರಲ್ಲಿ ಡೋನಾಗೆ ನೆನಪು ವಾಪಸ್ ಬಂತು, ಮಗಳು ರೋಸ್‌ಳಿಂದಾಗಿ ಬದುಕಿಯೂ ಉಳಿದಳು. ಆ ಕಂತು 'ದಿ ಸ್ಟಾರ್ ಬೀಸ್ಟ್' ನೋಡಿಲ್ಲ ಅಂದ್ರೆ ಮೊದಲು ಅದನ್ನು ನೋಡಿ.