ಸೈಟೇಶನ್ ಜಾಸ್ತಿ ಇದ್ದರೆ ದೊಡ್ಡ ಸಂಶೋಧಕರು ಅಂತಲೇ?

ಹಾಗೇನಿಲ್ಲ. ಸೈಟೇಶನ್ ಅಂದರೆ ಒಂದು ಸಂಶೋಧನಾ ಪೇಪರನ್ನು ಬೇರೆಯವರು ತಮ್ಮ ಪೇಪರಿನಲ್ಲಿ ಉಲ್ಲೇಖಿಸುವುದು. ಅಮೆರಿಕದ ಸೇಂಟ್ ಲೂಯಿಸ್‌ನ ಮೆಡಿಕಲ್ ಸ್ಕೂಲೊಂದರಲ್ಲಿದ್ದ ಆಲಿವರ್ ಲೌರಿ ಮತ್ತು ಮೂವರು ಜೊತೆಗಾರರು 1951ರಲ್ಲಿ ಬರೆದ ಒಂದೇ ಒಂದು ಪೇಪರಿಗೆ 2014ರ ಹೊತ್ತಿಗೆ 3 ಲಕ್ಷಕ್ಕಿಂತ ಜಾಸ್ತಿ ಸೈಟೇಶನ್ ಬಂದಿತ್ತು. ಅದರಲ್ಲಿ ಯಾವ ರೋಗಕ್ಕೂ ಮದ್ದಿಲ್ಲ. ಪ್ರೋಟೀನ್ ಅಳೆಯುವ ವಿಧಾನ, ಅಷ್ಟೇ: ತಾಮ್ರದ ದ್ರಾವಣ, ಫೋಲಿನ್ ರೀಏಜೆಂಟ್ ಅನ್ನೋ ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತದೆ, ಪ್ರೋಟೀನ್ ಜಾಸ್ತಿ ಇದ್ದಷ್ಟೂ ನೀಲಿ ದಟ್ಟ. ಲ್ಯಾಬಿನಲ್ಲಿ ಅದನ್ನು ಬಳಸಿದವರೆಲ್ಲ ಆ ಪೇಪರಿನ ಹೆಸರು ಹಾಕಲೇಬೇಕಲ್ವಾ? ಅದೇನು ಮಹಾ ಪೇಪರಲ್ಲ ಅಂತ ಲೌರಿ ಅವರೇ ಹೇಳಿಕೊಂಡಿದ್ದರು.

ಸಂಶೋಧಕರನ್ನು ಅಳೆಯುವ ಇನ್ನೊಂದು ಅಂಕಿಯಾದ ಎಚ್-ಇಂಡೆಕ್ಸ್‌ನ ಲೆಕ್ಕ ಬೇರೆ. ತಲಾ 20 ಸಲವಾದರೂ ಉಲ್ಲೇಖವಾದ 20 ಪೇಪರ್ ಇದ್ದರೆ ಅದು 20. ಅಲ್ಲಿ ಲೌರಿಯ ಆ 3 ಲಕ್ಷದ ಪೇಪರೂ ಒಂದೇ ಒಂದು ಪೇಪರ್! ಜೊತೆಗೆ ವಯಸ್ಸಾದಷ್ಟೂ ಈ ಅಂಕಿ ಸುಮ್ನೆ ಏರುತ್ತದೆ, ಇಳಿಯುವುದಿಲ್ಲ.