ಪ್ಯಾಡ್ರೆ ದ್ವೀಪದ ದಂಡೆಗೆ ಶಾರ್ಕ್ ಹಿಡಿಯೋಕೆ ಹೊರಟಿದ್ದೀರಾ?

ನೀವು ಕೇಳಿದ್ದು ಇಷ್ಟು: ಹ್ಯೂಸ್ಟನ್ನಿಗೆ ಬಂದು ನಾಲ್ಕು ತಿಂಗಳಾಯಿತು, ಎಚ್-1ಬಿ ವೀಸಾ. ಆಫೀಸಿನ ಗೆಳೆಯರು ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸ್ ಬರೋ ಹಾಗೆ ಟೆಕ್ಸಸ್ ಕರಾವಳಿಯ ಪ್ಯಾಡ್ರೆ ಐಲ್ಯಾಂಡಿನ ದಂಡೆಯಿಂದ ಶಾರ್ಕ್ ಹಿಡಿಯೋಕೆ ಕರೆದಿದ್ದಾರೆ. ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯಾ, ಬಾಡಿಗೆ ಕಾರು ಸಾಕಾ, ಮೀನೇ ತಿನ್ನದ ನಾನು ಅಲ್ಲಿ ಹೋಗಿ ಏನು ಮಾಡಲಿ?

ಹೋಗಿ, ಲೈಸೆನ್ಸ್ ಇದ್ದರೆ ಕಾನೂನಿನ ಒಪ್ಪಿಗೆ ಇದೆ. ಮೀನು ತಿನ್ನದಿದ್ದರೆ ಏನೂ ತೊಂದರೆ ಇಲ್ಲ, ಯಾಕೆಂದರೆ ದಂಡೆಯಿಂದ ದೊಡ್ಡ ಶಾರ್ಕ್ ಹಿಡಿಯುವ ಬಹುತೇಕರು ಅದನ್ನು ಮನೆಗೆ ತರುವುದಿಲ್ಲ. ನೀರಂಚಿಗೆ ತಂದು, ಅಳೆದು, ಎರಡು ನಿಮಿಷದೊಳಗೆ ವಾಪಸ್ ಬಿಡುತ್ತಾರೆ. ಸಾಮಾನು, ಜನ, ಯಾರು ಎಲ್ಲಿ ನಿಲ್ಲಬೇಕು ಅನ್ನೋದೆಲ್ಲ ಆ ಎರಡು ನಿಮಿಷಕ್ಕಾಗಿಯೇ. ನಿಮ್ಮ ಕೆಲಸ ಇರುವುದೂ ಅಲ್ಲೇ.

ಮೊದಲು ಜಾಗ. ಕಾರ್ಪಸ್ ಕ್ರಿಸ್ಟಿ ಪಕ್ಕದ 'ಪ್ಯಾಡ್ರೆ ಐಲ್ಯಾಂಡ್ ನ್ಯಾಷನಲ್ ಸೀಶೋರ್' ಬೇರೆ, 'ಸೌತ್ ಪ್ಯಾಡ್ರೆ ಐಲ್ಯಾಂಡ್' ಊರು ಬೇರೆ. ನೀವು ಹೋಗಬೇಕಾದದ್ದು ಮೊದಲನೆಯದಕ್ಕೆ, ಅದು ನ್ಯಾಷನಲ್ ಪಾರ್ಕ್ ಸರ್ವಿಸಿನ ಪಾರ್ಕು. ನಡುವೆ ಮ್ಯಾನ್ಸ್‌ಫೀಲ್ಡ್ ಚಾನೆಲ್ ಇದೆ, ಸೇತುವೆ ಇಲ್ಲ. ಜಿಪಿಎಸ್‌ನಲ್ಲಿ ತಪ್ಪು ಹೆಸರು ಒತ್ತಿದರೆ ಮೂರು ಗಂಟೆ ದೂರದ ಹೋಟೆಲ್ ಸಾಲಿನ ಮುಂದೆ ನಿಂತಿರುತ್ತೀರಿ. ಅಲ್ಲಿಂದ ಹೆದ್ದಾರಿ 77ರಲ್ಲಿ ಉತ್ತರಕ್ಕೆ ಬರುವಾಗ ಸರೀಟಾದಲ್ಲಿ ಬಾರ್ಡರ್ ಪೆಟ್ರೋಲ್ ತಪಾಸಣೆಯೂ ಇದೆ. ಕಾರ್ಪಸ್‌ನಿಂದ ಹ್ಯೂಸ್ಟನ್ನಿಗೆ ಅದು ಅಡ್ಡ ಬರುವುದಿಲ್ಲ. ಆದರೂ ಪಾಸ್‌ಪೋರ್ಟ್ ಮತ್ತು ಐ-94 (ಅಮೆರಿಕದೊಳಗೆ ಬಂದ ದಾಖಲೆ) ಪ್ರತಿ ಜೊತೆಗಿರಲಿ. 18 ದಾಟಿದ ವಿದೇಶಿಯರು ನೋಂದಣಿ ದಾಖಲೆ ಸದಾ ಹತ್ತಿರ ಇಟ್ಟುಕೊಂಡಿರಬೇಕು ಅನ್ನುವುದು ಫೆಡರಲ್ ಕಾನೂನು. ನೀರು ತಾಗದ ಜಿಪ್ ಚೀಲದಲ್ಲಿ ಹಾಕಿಡಿ.

ಲೈಸೆನ್ಸ್ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಕಡೆ. 17 ತುಂಬಿದವರು ರಾಡ್ ಕೈಗೆ ತಗೊಂಡರೆ ಟೆಕ್ಸಸ್ ಮೀನುಗಾರಿಕೆ ಲೈಸೆನ್ಸ್ ಬೇಕು, ಜೊತೆಗೆ ಉಪ್ಪುನೀರಿನ ಎಂಡಾರ್ಸ್‌ಮೆಂಟ್, ಅಂದರೆ ಸಮುದ್ರದಲ್ಲಿ ಹಿಡಿಯೋಕೆ ಹೆಚ್ಚುವರಿ ಅನುಮತಿ. ಟೆಕ್ಸಸ್ ನಿವಾಸಿಗೆ ಎರಡೂ ಸೇರಿ 35 ಡಾಲರ್. ಡ್ರೈವಿಂಗ್ ಲೈಸೆನ್ಸ್ ಟೆಕ್ಸಸ್ಸಿನದೇ ಇದ್ದರೂ ನೀವಿನ್ನೂ ನಿವಾಸಿ ಅಲ್ಲ, ಆರು ತಿಂಗಳಿಗಿಂತ ಹೆಚ್ಚು ಕಾಲ ಸತತವಾಗಿ ಇಲ್ಲಿದ್ದಿರಬೇಕು. ಹಾಗಾಗಿ ನಿಮಗೆ 63 ಡಾಲರಿನದು, ಇಲ್ಲವೇ ದಿನಕ್ಕೆ 16 ಡಾಲರಿನ ಒಂದು ದಿನದ ಲೈಸೆನ್ಸ್. ಒಂದು ವಾರಾಂತ್ಯಕ್ಕೆ ಎರಡನೆಯದೇ ಲಾಭ. ಈ ವಾರ್ಷಿಕ ಲೈಸೆನ್ಸ್ ಯಾವಾಗ ತಗೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಜುಲೈಯಲ್ಲಿ ಕೊಂಡು ಆಮೇಲೆ ಬೈದುಕೊಳ್ಳಬೇಡಿ. ಕೊಳ್ಳುವಾಗ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತಾರೆ.

ಬಾಡಿಗೆ ಕಾರು ಬೇಡ. ಪಾರ್ಕಿನ ಸೌತ್ ಬೀಚ್ 60 ಮೈಲಿ ಉದ್ದ, ಅದರ ಮರಳೇ ರಸ್ತೆ. ಮೊದಲ ಐದು ಮೈಲಿ ಸಾಧಾರಣ ಕಾರೂ ಹೋಗುತ್ತದೆ, ಆಮೇಲೆ ಫೋರ್ ವೀಲ್ ಡ್ರೈವ್ ಮಾತ್ರ. ಇನ್ನೂ ಕೆಳಗೆ ಹೋದರೆ ಚಿಪ್ಪಿನ ಪುಡಿಯೇ ತುಂಬಿದ ಲಿಟ್ಲ್ ಶೆಲ್, ಬಿಗ್ ಶೆಲ್ ಪಟ್ಟಿಗಳಿವೆ, ರಾಗಿ ರಾಶಿಯ ಮೇಲೆ ಗಾಡಿ ಬಿಟ್ಟ ಹಾಗೆ ಚಕ್ರ ಹೂತುಕೊಳ್ಳುತ್ತದೆ. ಬಾಡಿಗೆ ಕಂಪನಿಗಳ ಒಪ್ಪಂದ ಸಾಮಾನ್ಯವಾಗಿ ಡಾಂಬರು ಬಿಟ್ಟು ಇಳಿಯಬಾರದು ಅನ್ನುತ್ತದೆ. ಇಳಿದು ಹೂತರೆ ವಿಮೆ ಕೈಬಿಡುತ್ತದೆ, ಎಳೆದು ತರುವ ಖರ್ಚು ಸಾವಿರ ಡಾಲರ್ ದಾಟಬಹುದು. ಗೆಳೆಯರ ಟ್ರಕ್ಕಿನಲ್ಲೇ ಹೋಗಿ, ಪೆಟ್ರೋಲ್ ಖರ್ಚು ಹಂಚಿಕೊಳ್ಳಿ. ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿ 18 ಪಿಎಸ್ಐ ಆಸುಪಾಸಿಗೆ ಇಳಿಸಬೇಕು, ಆಗ ಟೈರು ಅಗಲವಾಗಿ ಮರಳಿನ ಮೇಲೆ ಕೂರುತ್ತದೆ. ವಾಪಸ್ ತುಂಬಲು ಕಂಪ್ರೆಸರ್, ಜೊತೆಗೆ ಗುದ್ದಲಿ, ಎಳೆಯುವ ಪಟ್ಟಿ, ಜ್ಯಾಕ್ ಕೆಳಗಿಡಲು ಎರಡಡಿ ಪ್ಲೈವುಡ್ ಹಲಗೆ. ಹಲಗೆ ಇಲ್ಲದಿದ್ದರೆ ಜ್ಯಾಕ್ ಗಾಡಿ ಎತ್ತುವ ಬದಲು ತಾನೇ ಮರಳೊಳಗೆ ಇಳಿಯುತ್ತದೆ. ಚಕ್ರ ಸುತ್ತತೊಡಗಿದ ಕೂಡಲೇ ಆಕ್ಸಿಲರೇಟರ್ ಬಿಟ್ಟು ಇಳಿದು ಅಗೆಯಿರಿ. ಇನ್ನೊಂದು ಸಲ ಒತ್ತಿದರೆ ಆಕ್ಸಲ್ಲೇ ಮರಳಿನ ಮೇಲೆ ಕೂತುಬಿಡುತ್ತದೆ.

ಒಳಗೆ ಹೋದಂತೆ ಫೋನ್ ಸಿಗ್ನಲ್ ಸತ್ತುಹೋಗುತ್ತದೆ. ಪೆಟ್ರೋಲ್ ಬಂಕ್ ಇಲ್ಲ, ಕುಡಿಯುವ ನೀರಿಲ್ಲ, ಶೌಚಾಲಯ ಇಲ್ಲ. ಟ್ರಕ್ಕನ್ನು ಮರಳುದಿಬ್ಬದ ಬುಡಕ್ಕೆ ಒತ್ತಿ ನಿಲ್ಲಿಸಿ, ದಿಬ್ಬದ ಮೇಲೆ ಹತ್ತಿಸಬಾರದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೀರು ಆ ಬುಡದವರೆಗೂ ಬರುವ ದಿನಗಳಿವೆ, ಭರತದ ಪಟ್ಟಿ ನೋಡದೆ ಹೊರಡಬೇಡಿ. ಏಪ್ರಿಲ್‌ನಿಂದ ಜುಲೈ ಮಧ್ಯದವರೆಗೆ ಕೆಂಪ್ಸ್ ರಿಡ್ಲಿ ಆಮೆಗಳು ಹಗಲಿನಲ್ಲೇ ಮೊಟ್ಟೆಯಿಡಲು ದಂಡೆ ಹತ್ತುತ್ತವೆ. ಕಂಡರೆ ಗಾಡಿ ನಿಲ್ಲಿಸಿ, ಮುಟ್ಟದೆ, ಪಾರ್ಕಿನವರಿಗೆ ತಿಳಿಸಿ.

ಇನ್ನು ಸಾಮಾನು. ಮೊದಲ ಸಲಕ್ಕೆ ಏನೂ ಕೊಳ್ಳಬೇಡಿ, ರೀಲು ರಾಡು ಗೆಳೆಯರದೇ ಇರುತ್ತವೆ. ಆದರೆ ಏನು ಯಾಕೆ ಅಂತ ಗೊತ್ತಿರಲಿ. ಪೆನ್ ಸೆನೆಟರ್ 9/0 ಥರದ ಹಳೇ ಗಟ್ಟಿ ರೀಲು, ಇಲ್ಲವೇ 50, 80 ಅಳತೆಯ ಎರಡು ವೇಗದ ರೀಲು. ಒಳಗೆ 80–100 ಪೌಂಡಿನ ಹೆಣೆದ ದಾರ, ಅದರ ಮೇಲೆ ನೂರಿನ್ನೂರು ಗಜ ದಪ್ಪ ನೈಲಾನ್. ನಿಜವಾದ ಕೆಲಸ ಇರುವುದು ಕೊನೆಯ ಹದಿನೈದು ಇಪ್ಪತ್ತು ಅಡಿಯಲ್ಲಿ, ಅಂದರೆ ಲೀಡರ್‌ನಲ್ಲಿ. ಗಾಳದ ಹತ್ತಿರ ನಾಲ್ಕೈದು ಅಡಿ ಉಕ್ಕಿನ ಕೇಬಲ್, 400–500 ಪೌಂಡಿನದು, ಹಲ್ಲಿಗಾಗಿ. ಅದರ ಮೇಲೆ ಹನ್ನೆರಡು ಹದಿನೈದು ಅಡಿ 400 ಪೌಂಡ್ ಮೇಲ್ಪಟ್ಟ ನೈಲಾನ್, ಚರ್ಮಕ್ಕಾಗಿ. ಶಾರ್ಕಿನ ಚರ್ಮ ಉಪ್ಪುಕಾಗದದ ಹಾಗೆ. ಹೊರಳಿ ಮೈಗೆ ದಾರ ಸುತ್ತಿಕೊಂಡರೆ, ಬಾಲದಿಂದ ಬಾರಿಸಿದರೆ, ಹೆಣೆದ ದಾರ ಕ್ಷಣದಲ್ಲಿ ಸವೆದು ಹೋಗುತ್ತದೆ. ಶಾರ್ಕಿನ ಉದ್ದಕ್ಕಿಂತ ಲೀಡರ್ ಗಿಡ್ಡ ಇದ್ದರೆ ಮೀನು ಹೋಯಿತು ಅಂತಲೇ ಲೆಕ್ಕ. ಅದೂ ಬಾಯಲ್ಲಿ ಗಾಳ, ಬೆನ್ನ ಹಿಂದೆ ಕೇಬಲ್ಲಿನ ಬಾಲ ಕಟ್ಟಿಕೊಂಡು.

ಜೋಡಣೆಯೆಲ್ಲ ಕ್ರಿಂಪ್‌ನಲ್ಲೇ, ಅಂದರೆ ದಾರವನ್ನು ಲೋಹದ ಸಣ್ಣ ಕೊಳವೆಯೊಳಗೆ (ಸ್ಲೀವ್) ತೂರಿಸಿ ಒತ್ತಿ, ಗಂಟಿನಲ್ಲಲ್ಲ. ಸ್ಲೀವ್ ಒತ್ತುವಾಗ ಎರಡೂ ತುದಿಗಳನ್ನು ಸ್ವಲ್ಪ ಬಿಟ್ಟು ನಡುವೆ ಒತ್ತಬೇಕು. ತುದಿಗೇ ಒತ್ತಿದರೆ ಲೋಹದ ಅಂಚು ನೈಲಾನಿಗೆ ಕಚ್ಚಿ, ಭಾರ ಬಿದ್ದಾಗ ಸರಿಯಾಗಿ ಅಲ್ಲೇ ಕಡಿಯುತ್ತದೆ. ನೈಲಾನಿನ ತುದಿಯನ್ನು ಲೈಟರಿನಿಂದ ಕಾಯಿಸಿ ಗುಂಡು ಮಾಡಿದರೆ ಸ್ಲೀವಿನಿಂದ ಜಾರುವುದಿಲ್ಲ. ಟ್ರಕ್ಕಿನ ಟೋ ಕೊಂಡಿಗೆ ಸಿಕ್ಕಿಸಿ ಮೈಯ ಭಾರ ಹಾಕಿ ಎಳೆದು ನೋಡದ ಲೀಡರ್ ನೀರಿಗೆ ಹೋಗಬಾರದು.

ಗಾಳ ಸರ್ಕಲ್ ಹುಕ್ಕೇ (ತುದಿ ಒಳಕ್ಕೆ ಬಾಗಿದ ದುಂಡು ಗಾಳ) ಆಗಿರಬೇಕು, ಪಕ್ಕಕ್ಕೆ ತಿರುಚಿರಬಾರದು, ಸ್ಟೇನ್‌ಲೆಸ್ ಇರಬಾರದು. ಶಾರ್ಕ್ ಹಿಡಿಯುವವರಿಗೆ ಟೆಕ್ಸಸ್ ನಿಯಮವೇ ಇದು. ನುಂಗಿದರೂ ಈ ಗಾಳ ಜಾರಿ ಬಂದು ದವಡೆಯ ಮೂಲೆಗೆ ಕಚ್ಚುತ್ತದೆ, ಹೊಟ್ಟೆಯೊಳಗೆ ಕೂರುವುದು ಕಡಿಮೆ. ಬಿಟ್ಟುಹೋದರೂ ತುಕ್ಕು ಹಿಡಿದು ಉದುರುತ್ತದೆ. ಅಳತೆ 16/0ರಿಂದ 20/0. ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿಬಿಡಿ, ಬಿಡಿಸಲು ಸುಲಭ.

ಎರೆಗೆ ಬೀಸುಬಲೆ ಹಾಕಿದರೆ ಮಲೆಟ್ ಮೀನು ಸಿಗುತ್ತದೆ. ಜ್ಯಾಕ್ ಕ್ರೆವಾಲಿ ಮೀನಿನ ತಲೆ, ತೊರಕೆಯ (ಸ್ಟಿಂಗ್‌ರೇ) ತುಂಡು ಇನ್ನೂ ವಾಸಿ, ಯಾಕೆಂದರೆ ಏಡಿಗಳು ಮಲೆಟ್ಟನ್ನು ಗಂಟೆಯೊಳಗೆ ಹರಿದು ತಿಂದು ಹಾಕುತ್ತವೆ, ತೊರಕೆ ತಾಳುತ್ತದೆ. ರೆಡ್ ಡ್ರಮ್, ಟ್ರೌಟ್‌ನಂಥ ಗೇಮ್ ಮೀನನ್ನು ಎರೆಯಾಗಿ ಬಳಸುವಂತಿಲ್ಲ. ಗಾಳವನ್ನು ಎರೆಯ ಅಂಚಿಗೆ ಒಮ್ಮೆ ಮಾತ್ರ ಚುಚ್ಚಿ ಗಾಳದ ಬಾಯಿಯನ್ನು ಪೂರ್ತಿ ಹೊರಗೆ ಬಿಡಬೇಕು. ಆಳವಾಗಿ ಹೂತರೆ ಕಚ್ಚಲು ಗಾಳಕ್ಕೆ ಜಾಗವೇ ಇರುವುದಿಲ್ಲ. 'ಬಂತು, ಬಿಟ್ಟುಹೋಯ್ತು' ಅನ್ನುವ ರಾತ್ರಿಗಳಿಗೆ ಬಹಳ ಸಲ ಕಾರಣ ಇದೇ.

ದೊಡ್ಡ ಎರೆಯನ್ನು ಎಸೆಯಲಾಗುವುದಿಲ್ಲ. ಕಯಾಕಿನಲ್ಲಿ ಮೂರನೇ ಮರಳುದಿಣ್ಣೆಯಾಚೆ, ಇನ್ನೂರು ಮುನ್ನೂರು ಗಜ ಒಯ್ದು ಬಿಡುತ್ತಾರೆ. ಈ ಕೆಲಸ ನಿಮಗೆ ಬೇಡ, ಮೊದಲ ವರ್ಷ ಬೇಡವೇ ಬೇಡ. ಅಲೆಗೆ ಅಡ್ಡಲಾಗಿ ಮಗುಚಿದರೆ ಮಡಿಲಲ್ಲಿ ರಕ್ತ ಸುರಿಯುವ ಎರೆ, ಕಾಲ ಬಳಿ 20/0 ಗಾಳ. ಡ್ರೋನ್‌ನಲ್ಲಿ ಒಯ್ಯಬಹುದಲ್ಲ ಅಂತ ಸಾಫ್ಟ್‌ವೇರಿನವರಿಗೆ ಹೊಳೆಯದೆ ಇರುವುದಿಲ್ಲ, ಆದರೆ ನ್ಯಾಷನಲ್ ಪಾರ್ಕ್ ಸರ್ವಿಸಿನ ಜಾಗಗಳಲ್ಲಿ ಡ್ರೋನ್ ಹಾರಿಸುವುದು ನಿಷಿದ್ಧ. ತೂಕಕ್ಕೆ ತಂತಿ ಕಾಲಿನ, ಜೇಡದಂಥ ಸಿಂಕರ್ ಕಟ್ಟುತ್ತಾರೆ. ಅದನ್ನು ಕಟ್ಟುವುದು ತೆಳು ದಾರದಲ್ಲಿ, ಮೀನು ಎಳೆದಾಗ ತೂಕ ಮಾತ್ರ ಕಿತ್ತುಹೋಗಲಿ ಅಂತ. ಬೇಸಿಗೆಯಲ್ಲಿ ಸರ್ಗಾಸಮ್ ಪಾಚಿ ತೇಲಿ ಬಂದರೆ ದಾರಕ್ಕೆ ಜೋತುಬಿದ್ದು ಎಲ್ಲವನ್ನೂ ದಡಕ್ಕೆ ಎಳೆದು ತರುತ್ತದೆ. ಅಂಥ ದಿನ ಗಾಳ ಸುತ್ತಿಟ್ಟು ಚಿತ್ರಾನ್ನ ತಿನ್ನುವುದೇ ಸರಿ.

ದಾರ ಎಳೆದಾಗ ಸದ್ದು ಮಾಡುವ ರೀಲಿನ ಕ್ಲಿಕ್ಕರ್ ಕಿರುಚಿದ ಕೂಡಲೇ ರಾಡನ್ನು ಜಗ್ಗಬೇಡಿ. ಸರ್ಕಲ್ ಹುಕ್ ಜಗ್ಗಿದರೆ ಬಾಯಿಂದ ಹೊರಬರುತ್ತದೆ. ಡ್ರ್ಯಾಗನ್ನು (ದಾರ ಹೊರಗೆ ಓಡುವುದನ್ನು ತಡೆಯುವ ರೀಲಿನ ಬ್ರೇಕು) ನಿಧಾನವಾಗಿ ಮೇಲೇರಿಸುತ್ತಾ ಹೋದರೆ ದಾರ ಬಿಗಿಯಾಗಿ ಗಾಳ ತಾನೇ ಕೂರುತ್ತದೆ. ಆಮೇಲೆ ಅರ್ಧ ಗಂಟೆಯೋ ಒಂದು ಗಂಟೆಯೋ, ರಾಡ್ ಹಿಡಿದವರದು. ತೆಳು ರೀಲಿನಲ್ಲಿ ಹೋರಾಟ ಎಳೆದಷ್ಟೂ ಮೀನು ಸುಸ್ತಾಗಿ ಬಿಟ್ಟ ಮೇಲೆ ಸಾಯುತ್ತದೆ, ಗಟ್ಟಿ ಸಾಮಾನು ಬೇಕು ಅನ್ನುವುದು ಅದಕ್ಕೇ.

ದಡಕ್ಕೆ ಬಂದಾಗ ನಾಲ್ಕು ಜನಕ್ಕೆ ನಾಲ್ಕು ಕೆಲಸ. ಒಬ್ಬರು ಗ್ಲೌಸ್ ಹಾಕಿ ಲೀಡರ್ ಹಿಡಿಯುತ್ತಾರೆ. ಹಿಡಿಯುವುದು ಅಷ್ಟೇ, ಕೈಗೆ ಸುತ್ತಿಕೊಂಡರೆ ಮೀನು ತಿರುಗಿದಾಗ ಬೆರಳೂ ಜೊತೆಗೇ ಹೋಗುತ್ತದೆ. ಅದೇ ಕ್ಷಣ ರಾಡಿನವರು ಡ್ರ್ಯಾಗ್ ಸಡಿಲಿಸಬೇಕು. ಮೂರನೆಯವರು ಹಿಂದಿನಿಂದ ಬಾಲದ ಬುಡ ಹಿಡಿಯುತ್ತಾರೆ. ನಾಲ್ಕನೆಯವರು ನೀವು: ಸೊಂಟದಲ್ಲಿ ಬೋಲ್ಟ್ ಕಟರ್, ಕೈಯಲ್ಲಿ ಗಾಳ ಬಿಡಿಸುವ ಡಿಹುಕ್ಕರ್, ಕುತ್ತಿಗೆಗೆ ಟೇಪು. ಮೀನು ಮೊಣಕಾಲು ನೀರಲ್ಲೇ ಇರಲಿ, ಕಿವಿರಿಗೆ ನೀರು ಹಾಯುತ್ತಿರಲಿ. ಒಣ ಮರಳಿಗೆ ಎಳೆಯಬಾರದು: ಅದರ ಅಸ್ಥಿಪಂಜರ ಬರೀ ಮೃದ್ವಸ್ಥಿ, ನೀರಿನ ಆಸರೆ ತಪ್ಪಿದರೆ ಅದರ ಭಾರವೇ ಒಳಗಿನ ಅಂಗಗಳನ್ನು ಅದುಮುತ್ತದೆ. ಗಾಳ ಕಾಣುತ್ತಿದ್ದರೆ ಡಿಹುಕ್ಕರ್. ಒಂದು ಪ್ರಯತ್ನಕ್ಕೆ ಬರದಿದ್ದರೆ ಗಾಳವನ್ನೇ ಕತ್ತರಿಸಿ, ಹತ್ತು ಡಾಲರಿನ ಮುಖ ನೋಡಬೇಡಿ. ಸುತ್ತಿಗೆ ತಲೆಯ ಶಾರ್ಕ್ (ಹ್ಯಾಮರ್‌ಹೆಡ್) ಅಂತ ಗೊತ್ತಾದರೆ ಅಳೆಯುವುದೂ ಬೇಡ, ಫೋಟೋವೂ ಬೇಡ, ತಕ್ಷಣ ಲೀಡರ್ ಕತ್ತರಿಸಿ ಬಿಡಿ. ಹೋರಾಟದ ಆಯಾಸಕ್ಕೆ ಅದು ಉಳಿದೆಲ್ಲಕ್ಕಿಂತ ಬೇಗ ಸಾಯುತ್ತದೆ. ಬಿಡುವಾಗ ತಲೆಯನ್ನು ಸಮುದ್ರದ ಕಡೆ ತಿರುಗಿಸಿ, ಅದು ತಾನಾಗಿ ಬಾಲ ಬೀಸುವವರೆಗೂ ಜೊತೆಗೆ ನಡೆಸಿ.

ಯಾರಾದರೂ ಮನೆಗೆ ಒಯ್ಯಬೇಕು ಅಂದರೆ: ದಿನಕ್ಕೆ ತಲೆಗೆ ಒಂದೇ ಶಾರ್ಕ್. ಬ್ಲ್ಯಾಕ್‌ಟಿಪ್, ಬಾನೆಟ್‌ಹೆಡ್, ಅಟ್ಲಾಂಟಿಕ್ ಶಾರ್ಪ್‌ನೋಸ್ ಆದರೆ ಕನಿಷ್ಠ 24 ಇಂಚು. ಸುತ್ತಿಗೆ ತಲೆಯದಕ್ಕೆ 99, ಹಿಡಿಯಬಹುದಾದ ಉಳಿದವಕ್ಕೆ 64. ಸ್ಯಾಂಡ್‌ಬಾರ್, ಡಸ್ಕಿ, ಸಿಲ್ಕಿ ಮುಂತಾದವನ್ನು ಬಿಡಲೇಬೇಕು. ಚಳಿಗಾಲದಲ್ಲಿ ಗಾಳಕ್ಕೆ ಬರುವ ದೊಡ್ಡವು ಹೆಚ್ಚಾಗಿ ಈ ಸ್ಯಾಂಡ್‌ಬಾರ್‌ಗಳೇ. ಕತ್ತಲಲ್ಲಿ ಗುರುತು ಹಿಡಿಯಲು ಬೆನ್ನಿನ ಎರಡು ರೆಕ್ಕೆಗಳ ನಡುವೆ ಬೆರಳು ಆಡಿಸಿ. ಏಣು ಸಿಕ್ಕಿತು, ಮೈಮೇಲೆ ಹುಲಿಪಟ್ಟೆ ಇಲ್ಲ ಅಂದರೆ ಬಿಟ್ಟುಬಿಡಿ. ಕರಾವಳಿ ಕಡೆ ತಾಟೆ (ಶಾರ್ಕ್) ತಿಂದು ಬೆಳೆದವರಿಗೆ ಗೊತ್ತಿರುತ್ತದೆ, ಕೂಡಲೇ ರಕ್ತ ಬಸಿದು ಐಸಿಗೆ ಹಾಕದಿದ್ದರೆ ಮಾಂಸದಲ್ಲಿರುವ ಯೂರಿಯಾ ಅಮೋನಿಯಾ ಆಗಿ ನಾರುತ್ತದೆ. ಪಾದರಸ ಹೆಚ್ಚಿರುವುದರಿಂದ ಗರ್ಭಿಣಿಯರಿಗೂ ಮಕ್ಕಳಿಗೂ ಶಾರ್ಕ್ ಬೇಡ ಅನ್ನುತ್ತದೆ ಇಲ್ಲಿನ ಆಹಾರ, ಔಷಧ ಇಲಾಖೆ ಎಫ್‌ಡಿಎ.

ಗಾಯ ಹೆಚ್ಚಾಗಿ ಆಗುವುದು ಶಾರ್ಕಿನಿಂದ ಅಲ್ಲ, ಸಣ್ಣವುಗಳಿಂದ. ನೀರಲ್ಲಿ ಕಾಲೆತ್ತಿ ಇಡದೆ ಮರಳಿನಲ್ಲಿ ಉಜ್ಜುತ್ತಾ ನಡೆಯಿರಿ, ತೊರಕೆ ತಾನೇ ಸರಿದುಹೋಗುತ್ತದೆ. ಮೇಲೇ ಕಾಲಿಟ್ಟರೆ ಚುಚ್ಚುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕಾಲು ಮುಳುಗಿಸಿಡಿ, ಆಮೇಲೆ ಡಾಕ್ಟರು. ಹಾರ್ಡ್‌ಹೆಡ್ ಕ್ಯಾಟ್‌ಫಿಶ್ಶನ್ನು ಬರಿಗೈಯಲ್ಲಿ ಮುಟ್ಟಬೇಡಿ. ದಂಡೆಯಲ್ಲಿ ಬಿದ್ದಿರುವ ನೀಲಿ ಬಲೂನು ಮ್ಯಾನ್ ಆಫ್ ವಾರ್, ಒಣಗಿದ್ದರೂ ಉರಿಸುತ್ತದೆ. ಮೈಮೇಲೆ ತೆರೆದ ಗಾಯ ಇದ್ದರೆ ಬೇಸಿಗೆಯ ಬೆಚ್ಚನೆ ನೀರಿಗೆ ಇಳಿಯಲೇಬೇಡಿ, ವಿಬ್ರಿಯೋ ಬ್ಯಾಕ್ಟೀರಿಯಾದ ಅಪಾಯ ಇದೆ.

ಬಿಯರ್ ವಿಷಯ. ಮರಳಾದರೂ ಅದು ರಸ್ತೆ, ಕುಡಿದು ಓಡಿಸಿದರೆ ಕೇಸು ಕೇಸೇ. ವೀಸಾದಲ್ಲಿರುವವರಿಗೆ ಶಿಕ್ಷೆಯಾಗಬೇಕಿಲ್ಲ, ಬಂಧನವಾದರೆ ಸಾಕು, ವೀಸಾ ಸ್ಟ್ಯಾಂಪ್ ರದ್ದಾಗಬಹುದು. ಮುಂದಿನ ಸಲ ಊರಿಗೆ ಹೋದಾಗ ಕಾನ್ಸುಲೇಟಿನಲ್ಲಿ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡು ಬಾ ಅಂತ ಕಳಿಸುತ್ತಾರೆ. "ಐವತ್ತು ಗಜ ಅಷ್ಟೇ, ಟ್ರಕ್ ಸ್ವಲ್ಪ ಮೇಲಕ್ಕೆ ತಗೋ" ಅಂತ ಗೆಳೆಯರು ಬೀಗದ ಕೈ ಎಸೆದರೆ ಹಿಡಿಯಬೇಡಿ.

ಭಾನುವಾರ ಮಧ್ಯಾಹ್ನ ನೀರು ಇಳಿದಿರುವ ಹೊತ್ತು ನೋಡಿ ಹೊರಡಿ, ಒದ್ದೆ ಗಟ್ಟಿ ಮರಳು ಆಗ ಅಗಲ ಇರುತ್ತದೆ. ಡಾಂಬರು ಹತ್ತಿದ ಕೂಡಲೇ ಟೈರಿಗೆ ಗಾಳಿ ತುಂಬಿಸಿ, 18ರಲ್ಲೇ ಹೆದ್ದಾರಿಗೆ ಹೋದರೆ ಟೈರು ಕಾದು ಸಿಡಿಯುತ್ತದೆ. ದಾರಿಯಲ್ಲೇ ಗಾಡಿಯ ತಳ ತೊಳೆಸಿ. ರೀಲುಗಳಿಗೆ ಮಾತ್ರ ಪೈಪಿನ ಜೋರು ನೀರು ಬಿಡಬೇಡಿ, ಉಪ್ಪು ಬೇರಿಂಗಿನೊಳಗೆ ನುಗ್ಗುತ್ತದೆ. ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರು ಚಿಮುಕಿಸಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಡ್ರ್ಯಾಗ್ ಸಡಿಲ ಮಾಡಿ ಇಡಬೇಕು. ಅದಿಷ್ಟನ್ನು ಯಾರೂ ಹೇಳದೆ ನೀವೇ ಮಾಡಿಕೊಟ್ಟರೆ ಮುಂದಿನ ಸಲವೂ ಕರೆಯುತ್ತಾರೆ.